ಸಂಗಯ್ಯನ ಪೇಟಿಯೊಳಗಿನ ಕಟಕಟ

ಇಳಕಲ್ಲಿನ ಮಗ್ಗದ ಓಣಿಯ ಸಂಗಯ್ಯ ತನ್ನ ಲ್ಯಾಪ್‌ಟಾಪಿಗೆ ಹನ್ನೊಂದು ಸಲ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ, ಹನ್ನೆರಡು ಸಲ ಕಿತ್ತ. ಲೆಕ್ಕ ಹೊಂದೂದಿಲ್ಲ ಅಂತ ಯಾರೂ ಕೇಳಬಾರದು; ಒಂದು ಸಲ ಅದು ಪೂರ್ತಿ ಕೂಡ್ರುವ ಮೊದಲೇ ಅವನಿಗೆ ಬ್ಯಾಸರಾಗಿತ್ತು. ಹಗಲು ಹುನಗುಂದದ ಒಂದು ಸರಕಾರಿ ಕಚೇರಿಯಲ್ಲಿ ಜನರ ಹೆಸರನ್ನು ತಪ್ಪಾಗಿ ಟೈಪ್ ಮಾಡುವುದು, ಸಂಜೆ ಬಸ್ಸಿಳಿದು ಮನೆಗೆ ಬಂದು ಅದೇ ಬೆರಳಿನಿಂದ ಸಂಗೀತದ ತಂತ್ರಾಂಶ ಬರೆಯುವುದು, ಇದು ಆತನ ಸಂಸಾರ.

ಈ ಹುಚ್ಚಿಗೆಲ್ಲ ಮೂಲ ಅವನ ಹೆಂಡತಿ ದಾನೇಶ್ವರಿಯ ಎಡಭುಜ. ಅಮಾಸಿಗೊಮ್ಮೆ ಮಠದಲ್ಲಿ ಕೂಡುವ ಓಣಿಯ ಹೆಣ್ಣುಮಕ್ಕಳ ಭಜನಾ ಮಂಡಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವಳು ಅವಳೇ. ಅವಳು ಸ್ವರ ಹಚ್ಚಿದರೆ ಮಠದ ಗ್ವಾಡಿಯ ಹಲ್ಲಿ ಸಹ ಲೊಚಗುಟ್ಟುವುದನ್ನು ಬಿಟ್ಟು ಶ್ರುತಿ ಹಿಡಿಯುತ್ತಿತ್ತು. ಒಂದು ದಿನ ಭುಜ ಹಿಡಕೊಂಡಿತು, ಕೈ ಮ್ಯಾಲೇಳಲಿಲ್ಲ. ಪೇಟಿಗೆ ಬಲಗೈ ಬಾರಿಸಬೇಕು, ಎಡಗೈ ಗಾಳಿ ಹಾಕಬೇಕು. ಮಂಡಳಿಯ ಹಿರಿಯಳು ಶಾರವ್ವ ಗಾಳಿ ಹಾಕುವ ಕೆಲಸಕ್ಕೆ ತಾನೇ ಕುಳಿತಳು. ಸೈಕಲ್ ಟ್ಯೂಬಿಗೆ ಪಂಪು ಹೊಡೆದಂತೆ ಹೊಡೆದಳು. ಅವತ್ತು ಆ ಪೇಟಿ ಅತ್ತದ್ದು ತುಳಸಿಗೇರಿ ಗುಡಿಯ ಹಣಮಪ್ಪನಿಗೂ ಕೇಳಿಸಿರಬೇಕು.

ಶಾರವ್ವ ನ್ಯಾಯವಂತಳು, ಮುಂದಿನ ನಾಲ್ಕು ಅಮಾಸಿ ಗಡುವು ಕೊಟ್ಟಳು. ಐದನೆಯದಕ್ಕೂ ಪೇಟಿ ಆಗದಿದ್ದರೆ ಬಾಗಲಕೋಟೆಯ ಕೀಬೋರ್ಡಿನವನನ್ನು ಕಾಯಂ ಕರೆಸುವುದಾಗಿ ಹೇಳಿಬಿಟ್ಟಳು. ಆತನ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ವಚನದ ಬೆನ್ನಿಗೆ ಮದುವೆಯ ಬ್ಯಾಂಡು ಹೊರಡುತ್ತದೆ. ದಾನೇಶ್ವರಿ ಮಂಡಳಿಯ ಮುಂದಿನ ಸಾಲಿನ ತನ್ನ ಚಾಪೆಯನ್ನು ಮಡಚಿ ಮನೆಗೆ ತಂದಿಟ್ಟಳು, ಅಷ್ಟೇ. ಆ ಚಾಪೆ ನೋಡಿಯೇ ಸಂಗಯ್ಯ ಪ್ರತಿಜ್ಞೆ ಮಾಡಿದ್ದು: ಒಂದೇ ಕೈಲೆ ಬಾರಿಸುವ ಪೇಟಿಯನ್ನು ಲ್ಯಾಪ್‌ಟಾಪಿನೊಳಗೇ ಕಟ್ಟುತ್ತೇನೆ, ದನಿ ಮಾತ್ರ ಅವಳ ತವರಿನ ಪೇಟಿಯದೇ ಇರಬೇಕು.

ದನಿ ಸಿಕ್ಕಿತು. ಚೊಳಚಗುಡ್ಡದ ತವರುಮನೆಯ ಬಾಳೆತೋಟದಲ್ಲಿ ಪೇಟಿ ಇಟ್ಟುಕೊಂಡು, ಮೈದುನನಿಂದ ಗಾಳಿ ಹಾಕಿಸಿ, ಒಂದೊಂದೇ ಸ್ವರ ಧ್ವನಿಮುದ್ರಣ ಮಾಡಿಕೊಂಡು ಬಂದ. ಮೇಲಿನ ಪಂಚಮದೊಳಗೆ ಒಂದು ಗಿಳಿಯೂ ಸೇರಿಕೊಂಡಿತು. ಅದನ್ನು ತೆಗೆಯಲು ಎಂಟು ದಿನ ಹಿಡಿಯಿತು, ಗಿಳಿ ಹೋಯಿತು, ಪಂಚಮ ಸ್ವಲ್ಪ ಗಿಳಿಯಾಗಿಯೇ ಉಳಿಯಿತು.

ಇನ್ನು ಅದನ್ನು ನಡೆಸುವ ಲಿನಕ್ಸ್ ಆರಿಸಬೇಕಲ್ಲ. ಕಂಪನಿಗಳು ಮಾರುವ ತಂತ್ರಾಂಶವೆಲ್ಲ ಬಾಡಿಗೆ ಮನೆ, ಮೊಳೆ ಹೊಡೆಯಲಿಕ್ಕೂ ಮಾಲಕನ್ನ ಕೇಳಬೇಕು. ಇದು ಸ್ವಂತ ಮನೆ, ಬೇಕಾದ ಗ್ವಾಡಿ ಒಡೀಬಹುದು ಎಂಬುದು ಸಂಗಯ್ಯನ ವಾದ. ಆದರೆ ಈ ಸ್ವಂತ ಮನೆಯಲ್ಲಿ ಎಷ್ಟು ಪಂಗಡಗಳೆಂದರೆ, ನಮ್ಮ ಒಳಪಂಗಡಗಳು ನಾಚಿ ಒಂದಾಗಬೇಕು. ಒಂದಕ್ಕೆ ಸ್ಥಿರತೆಯೇ ಧರ್ಮ, ಅದು ಹೊಸದನ್ನು ಮುಟ್ಟುವುದಿಲ್ಲ. ಇನ್ನೊಂದು ದಿನಾ ಹೊಸದು, ನಿನ್ನೆಯದನ್ನು ಗುರುತಿಸುವುದಿಲ್ಲ. ಮತ್ತೊಂದು ಸಂಗೀತಗಾರರಿಗೆಂದೇ ಹುಟ್ಟಿದ್ದು, ಅದರಲ್ಲಿ ಮುನ್ನೂರು ವಾದ್ಯಗಳಿದ್ದವು, ಪೇಟಿ ಇರಲಿಲ್ಲ. ಒಂದಕ್ಕೆಂದು ಕಟ್ಟಿದ ತಂತ್ರಾಂಶ ಇನ್ನೊಂದರ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಕೊನೆಗೆ ಸ್ಥಿರ ಪಂಗಡದ್ದನ್ನೇ ಹಿಡಿದು, ಎಲ್ಲ ಕೆಲಸ ಬಿಟ್ಟು ಧ್ವನಿಗೇ ಮೊದಲು ಓಗೊಡುವಂಥ ವಿಶೇಷ ಕರ್ನಲ್ ಎಂಬ ತಿರುಳನ್ನು ಅದಕ್ಕೆ ಕೂಡಿಸಿದ.

ಆಮೇಲೆ ಸುರುವಾಯಿತು ಶ್ರುತಿ ಮಾಡುವ ತಪಸ್ಸು. ಬೆರಳು ಒತ್ತಿದ ಮೇಲೆ ಲ್ಯಾಪ್‌ಟಾಪು ದನಿಯನ್ನು ಒಂದು ಕೊಡದಲ್ಲಿ ತುಂಬಿಕೊಂಡು ಆಮೇಲೆ ಹೊರಗೆ ಸುರಿಯುತ್ತದಂತೆ. ಆ ಕೊಡಕ್ಕೆ ಬಫರ್ ಎನ್ನುತ್ತಾರೆ. ಕೊಡ ದೊಡ್ಡದಾದರೆ ತುಂಬಲು ಹೊತ್ತು, ದನಿ ತಡವಾಗಿ ಬರುತ್ತದೆ. ತೀರ ಸಣ್ಣದಾದರೆ ತುಂಬುವುದರೊಳಗೆ ಬರಿದಾಗಿ ಕಟ್ ಕಟ್ ಎಂದು ದನಿ ತುಂಡಾಗುತ್ತದೆ. ಸಂಗಯ್ಯ ದನಿಯ ಸಾವಿರದ ಇಪ್ಪತ್ನಾಲ್ಕು ಹನಿ ಹಿಡಿಯುವ ಕೊಡವನ್ನು ಅರವತ್ನಾಲ್ಕಕ್ಕೆ ಇಳಿಸುವ ಹಟ ಹಿಡಿದ. ಅದಕ್ಕಾಗಿ ವೈಫೈ ಕಿತ್ತ, ಬ್ಲೂಟೂತ್ ಕಿತ್ತ, ಪರದೆಯ ಮೇಲಿನ ಚಿತ್ರ ಕಿತ್ತ, ಗಡಿಯಾರ ಕಿತ್ತ. ಲ್ಯಾಪ್‌ಟಾಪಿಗೆ ತಾನು ಲ್ಯಾಪ್‌ಟಾಪು ಎಂಬ ನೆನಪೂ ಉಳಿಯಲಿಲ್ಲ. ಕೊನೆಗೆ, ಎಲ್ಲೆಲ್ಲಿ ದನಿ ತುಂಡಾಯಿತು ಎಂದು ಬರೆದಿಡುವ ದಫ್ತರವೊಂದು ಒಳಗಿತ್ತು, ಅದು ಬರೆಯುತ್ತ ಕೂತರೆ ತಡವಾಗುತ್ತದೆಂದು ಅದನ್ನೂ ಮುಚ್ಚಿಸಿದ. ತಪ್ಪು ಬರೆದಿಡುವುದನ್ನು ನಿಲ್ಲಿಸಿದ ಕೂಡಲೇ ತಪ್ಪುಗಳು ನಿಂತುಹೋದವು. ಸರಕಾರಿ ಕಚೇರಿಯ ಅನುಭವ ಎಲ್ಲಿಯೂ ವ್ಯರ್ಥವಾಗುವುದಿಲ್ಲ.

ಅರವತ್ನಾಲ್ಕಕ್ಕೆ ಇಳಿಸಿ, ಕಣ್ಣು ಮುಚ್ಚಿ ಕೇಳಿದ. ಬೆರಳು ಮುಟ್ಟುವ ಮೊದಲೇ ದನಿ ಬಂದಂತೆ ಇತ್ತು. ಕಟಕಟ ಎಂಬುದು ಹೆಸರಿಗೂ ಇಲ್ಲ. ದಾನೇಶ್ವರಿ ಅದಕ್ಕೆ ತಂತಿಯಿಂದ ಜೋಡಿಸಿದ ಪೇಟಿಮಣೆಯಂಥ ಸಣ್ಣ ಕೀಬೋರ್ಡಿನ ಮೇಲೆ ಬಲಗೈ ಆಡಿಸಿದಳು, ಅವಳಿಗೂ ಕಟಕಟ ಕೇಳಲಿಲ್ಲ. ಗ್ವಾಡಿಯ ಆಚೆ ಶಂಕ್ರಪ್ಪನ ಮಗ್ಗ ನಡೆದಿತ್ತು. ಈಚೆ, ಎದುರಿಗೆ, ಹಿಂದೆ, ಇನ್ನೂ ನಲವತ್ತು ಮಗ್ಗ ನಡೆದಿದ್ದವು. ಇಳಕಲ್ಲಿನವರಿಗೆ ಮಗ್ಗದ ಸಪ್ಪಳ ಕೇಳುವುದಿಲ್ಲ. ಹುಟ್ಟಿದ ಕೂಸಿನ ಕಿವಿಗೆ ಮೊದಲು ಬೀಳುವುದೇ ಅದು. ನಾಮಕರಣದ ಹೊತ್ತಿಗೆ ಕಿವಿ ಅದನ್ನು ಕೈಬಿಟ್ಟಿರುತ್ತದೆ. ಲ್ಯಾಪ್‌ಟಾಪು ಒಂದು ಕಟ್ ಎಂದರೆ, ಅವರ ಕಿವಿ ಅದನ್ನೂ ಶಂಕ್ರಪ್ಪನ ಮಗ್ಗದ ಹೆಸರಿಗೆ ಹಚ್ಚಿ ಹೊರಗೆ ಒಗೆಯಿತು. ಮೂರು ತಿಂಗಳು ಇದೇ ನಡೆಯಿತು, ಸಂಗಯ್ಯ ಮೀಸೆ ತಿರುವುತ್ತಲೇ ಇದ್ದ.

ಐದನೆಯ ಅಮಾಸಿ ಬಂತು. ಅಮಾಸಿ ದಿನ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ; ತನ್ನದೂ ಒಂದು ಮಗ್ಗವೇ ಎಂದು ಸಂಗಯ್ಯ ಇಷ್ಟು ದಿನ ಅಮಾಸಿಗೆ ಲ್ಯಾಪ್‌ಟಾಪನ್ನೂ ಮುಟ್ಟಿರಲಿಲ್ಲ. ಇಳಕಲ್ಲು ಎಷ್ಟು ಶಾಂತವಾಗಿರುತ್ತದೆಂದರೆ ಇರುವೆ ಸಕ್ಕರೆ ಕಡಿಯುವುದು ಕೇಳಿಸುತ್ತದೆ. ಮಧ್ಯಾಹ್ನ ಮಠದಲ್ಲಿ ಮಂಡಳಿ ಕೂಡಿತು. ದಾನೇಶ್ವರಿ ಚಾಪೆ ಹಾಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಳು. ಸಂಗಯ್ಯ ತಂತಿಗಳನ್ನು ಜೋಡಿಸಿ ಸ್ಪೀಕರಿನ ಪಕ್ಕ ನಿಂತ. ಮೊದಲ ವಚನ ಎತ್ತಿದರು. ಪೇಟಿಯ ದನಿ ಜೇನಿನಂತೆ ಹೊರಟಿತು, ಜೇನಿನ ನಡುವೆ ಕಟ್. ಮತ್ತೆ ಕಟ್, ಕಟ್.

ಶಾರವ್ವ ಹಾಡು ನಿಲ್ಲಿಸಿದಳು. ಗಂಡಸರ ಸಾಲಿನತ್ತ ತಿರುಗಿ, "ಶಂಕ್ರಣ್ಣ, ಅಮಾಸಿ ದಿನಾನೂ ಮಗ್ಗಕ್ಕ ಯಾರನ್ನ ಕುಂಡ್ರಿಸಿ ಬಂದೀಪಾ?" ಎಂದಳು.

ಶಂಕ್ರಪ್ಪ ತಾಳ ಹಿಡಿದು ಅಲ್ಲೇ ಕುಳಿತಿದ್ದ. "ಯಕ್ಕಾ, ನಾ ಇಲ್ಲೇ ಅದೇನಿ, ನನ್ನ ಹೇಣ್ತಿ ನಿನ್ನ ಬಾಜೂಕ ಅದಾಳ. ನಮ್ಮಿಬ್ಬರನ್ನೂ ಬಿಟ್ಟು ತಾನ ಸೀರಿ ನೇಯುವಷ್ಟು ಶಾಣ್ಯಾ ಆಗಿಲ್ಲ ನಮ್ಮ ಮಗ್ಗ."

ದಾನೇಶ್ವರಿ ಮತ್ತೊಂದು ಸ್ವರ ಒತ್ತಿದಳು, ಎಲ್ಲರೂ ಕಿವಿಗೊಟ್ಟರು. ಕಟ್. ಈ ಸಲ ಎಲ್ಲರ ಕಣ್ಣೂ ಸ್ಪೀಕರಿನ ಮೇಲೆ. ಸಂಗಯ್ಯನ ಮುಖ ಅವನ ವಿಭೂತಿಯ ಬಣ್ಣಕ್ಕೆ ತಿರುಗಿತು. ಶಾರವ್ವ ಸೆರಗಿನ ಮರೆಯಿಂದ ಮೊಬೈಲ್ ತೆಗೆದು ಬಾಗಲಕೋಟೆಯವನ ನಂಬರು ಹುಡುಕತೊಡಗಿದಳು.

ದಾನೇಶ್ವರಿ ಗಂಡನನ್ನು ಹತ್ತಿರ ಕರೆದು ಇದಕ್ಕೆ ಔಷಧ ಏನೆಂದು ಕೇಳಿದಳು. ಆತ ತೊದಲುತ್ತ ಹೇಳಿದ: ಕೊಡ ದೊಡ್ಡದು ಮಾಡಿದರೆ ಕಟಕಟ ಹೋಗುತ್ತದೆ, ಆದರೆ ದನಿ ಬೆರಳಿನ ಹಿಂದೆ ಉಳಿಯುತ್ತದೆ, ಅದಕ್ಕಾಗಿಯೇ ತಾನು ಮೂರು ತಿಂಗಳು ತಪಸ್ಸು ಮಾಡಿದ್ದು, ಇನ್ನೊಂದು ಅಮಾಸಿ ವೇಳೆ ಕೊಟ್ಟರೆ ಬೇರೆ ಲಿನಕ್ಸ್ ಹಾಕಿ ನೋಡುತ್ತಾನಂತೆ.

"ದೊಡ್ಡದು ಮಾಡ್ರಿ," ಎಂದಳು ದಾನೇಶ್ವರಿ.

"ತಡಾ ಆಕ್ಕೈತಿ ಅಂತ ಹೇಳೇನಲ್ಲ."

"ನಿಮ್ಮ ಕೂಡ ಹದಿನೆಂಟು ವರ್ಷ ಬಾಳೇ ಮಾಡೇನ್ರಿ. ತಡಾ ಆಗೂದನ್ನ ಸಂಬಾಳಿಸೂದು ನನಗ ಬಿಡ್ರಿ."

ಹೆಂಗಸರ ಸಾಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿತು. ಸಂಗಯ್ಯ ಮೂರು ತಿಂಗಳ ತಪಸ್ಸನ್ನು ಮೂರು ಗುಂಡಿ ಒತ್ತಿ ನೀರಿಗೆ ಬಿಟ್ಟು, ಮತ್ತೆ ಸಾವಿರದ ಇಪ್ಪತ್ನಾಲ್ಕರ ಕೊಡ ಇಟ್ಟ. ಅವಳು ಎರಡು ಸಲ ಒತ್ತಿ ನೋಡಿದಳು, ದನಿ ಎಷ್ಟು ಹಿಂದೆ ಬರುತ್ತದೆಂದು ಬೆರಳಿನಲ್ಲೇ ಅಳೆದುಕೊಂಡಳು. ಆಮೇಲೆ ತಾಳಕ್ಕಿಂತ ಕೂದಲೆಳೆಯಷ್ಟು ಮೊದಲು ಬೆರಳಿಡುತ್ತ ಬಾರಿಸಿದಳು. ದನಿ ತಾಳದ ನೆತ್ತಿಯ ಮೇಲೆ ಬಂದು ಕೂತಿತು. ಎರಡನೇ ವಚನಕ್ಕೆ ಶಾರವ್ವನ ಮೊಬೈಲು ಸೆರಗಿನೊಳಗೆ ವಾಪಸು ಹೋಯಿತು. ನಾಲ್ಕನೆಯದಕ್ಕೆ ಆಕೆ, ಮುಂದಿನ ಅಮಾಸಿಗೆ ಯಾವ ವಚನ ಎಂದು ದಾನೇಶ್ವರಿಯನ್ನೇ ಕೇಳುತ್ತಿದ್ದಳು.

ಮನೆಗೆ ಬಂದವಳು ಮಾಡಿದ ಮೊದಲ ಕೆಲಸ ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಜಡಿದದ್ದು. ಭಜನೆಯ ದಿನ ಮಾತ್ರ ತೆಗೆಯುತ್ತಾಳೆ. ಹೊಸ ಅಪ್‌ಡೇಟ್ ಬಂದಿದೆ, ಒಂದೇ ತಾಸು ಕೊಡು ಎಂದು ಸಂಗಯ್ಯ ಅಂಗಲಾಚುತ್ತಾನೆ. ಬೀಗದ ಕೈ ಎಲ್ಲಿದೆಯೆಂದು ಅವಳು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಪಾಪ, ಈಗ ಆತ ಓಣಿಯ ತುಂಬ ಯಾರ ಮನೆಯಲ್ಲಾದರೂ ಹಳೆಯ ಲ್ಯಾಪ್‌ಟಾಪು ಇದೆಯೇ ಎಂದು ಕೇಳುತ್ತ ತಿರುಗುತ್ತಿದ್ದಾನೆ. ಆತ ಬರುವುದು ಕಂಡರೆ ನಾವು ಇದ್ದ ಲ್ಯಾಪ್‌ಟಾಪಿನ ಮೇಲೆ ಜೋಳದ ಚೀಲ ಹೇರಿ, ಚಹಾ ಕುಡಿಯಲು ಕರೆಯುತ್ತೇವೆ.