ಗವರ್ನರ್ ಮೂಲೆಗೆ ಕಡಿಮೆ ಬಿದ್ದ ಒಬ್ಬರು

ಲಿಂಡನ್ ಗ್ರೋವ್ ಶಾಲೆಯ ಊಟದ ಕೋಣೆಯಲ್ಲಿ ಆರ್ಡಿಸ್ ಮೈಂಟ್ಸ್ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಡುಗೆ ಮಾಡಿದಳು. ಹಗಲು ಮಕ್ಕಳಿಗೆ ಜೋಳದ ಸೂಪು, ದಾಲ್ಚಿನ್ನಿ ರೋಲು ಬಡಿಸುತ್ತಿದ್ದ ಆ ಕೋಣೆಯಲ್ಲೇ, ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಯ ಒಂದು ಸೋಮವಾರ ಸಂಜೆ, ಊರಿನ ಡೆಮಾಕ್ರಾಟ್ ಪಕ್ಷದವರು ಸೇರುತ್ತಿದ್ದರು. ಪಕ್ಷದಿಂದ ದೇಶದ ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕೆಂದು ಹೇಳುವ ಸಭೆ ಅದು. ಅಲ್ಲಿ ಮತಪೆಟ್ಟಿಗೆ ಇರಲಿಲ್ಲ, ಪರದೆಯೂ ಇರಲಿಲ್ಲ. ಗೋಡೆಗೆ ಒಬ್ಬೊಬ್ಬ ಅಭ್ಯರ್ಥಿಯ ಹೆಸರು ಅಂಟಿಸಿರುತ್ತಿದ್ದರು. ಯಾರು ಬೇಕೋ ಅವರ ಹೆಸರಿನ ಕೆಳಗೆ ನಡೆದುಹೋಗಿ ನಿಲ್ಲಬೇಕು. ಊರೆಲ್ಲ ನೋಡುತ್ತಿರುತ್ತದೆ.

ಈಗ ಆ ಪಕ್ಷದವರ ಮನೆಗೇ ಕಾರ್ಡು ಬರುತ್ತದೆ. ಗುರುತು ಹಾಕಿ ಅಂಚೆಗೆ ಹಾಕಿದರೆ ಮುಗಿಯಿತು. ಹಳಬರಿಗೆ ಮಾತ್ರ ಆ ಕೋಣೆ ಮರೆತಿಲ್ಲ. ಒದ್ದೆ ಉಣ್ಣೆಕೋಟುಗಳ ವಾಸನೆ, ಮಕ್ಕಳ ಅಳತೆಯ ಬೆಂಚುಗಳ ಮೇಲೆ ಮೊಣಕಾಲು ಎತ್ತಿಕೊಂಡು ಕೂರುತ್ತಿದ್ದ ದಪ್ಪ ದಪ್ಪ ರೈತರು, ಹಾಲು ತಂಪಾಗಿಡುವ ಪೆಟ್ಟಿಗೆಯ ಗುಂಯ್ ಶಬ್ದ, ಒಂದೇ ಬೀದಿಯವರು ಎದುರುಬದುರು ಮೂಲೆಗಳಲ್ಲಿ ನಿಂತು ಪರಸ್ಪರ ಕಾಲೆಳೆಯುತ್ತಿದ್ದದ್ದು. ಆ ಮಾತು ಎತ್ತಿದರೆ ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲಕ್ಕೇ ಅವರು ಹೋಗಿ ನಿಲ್ಲುತ್ತಾರೆ. ಆರ್ಡಿಸ್ ಗಂಡನ ಮೂಲೆ ಬಿಟ್ಟು ನಡೆದ ವರ್ಷ ಅದು.

ಗಂಡ ಹಾರ್ಲನ್, ಟೌನ್‌ಶಿಪ್ಪಿನ ರಸ್ತೆಗಳ ಹಿಮ ಗೋರುವ ಗ್ರೇಡರ್ ಓಡಿಸುತ್ತಿದ್ದ. ಎತ್ತರದ ಆಳು, ದೊಡ್ಡ ದನಿ. ಹಿಮ ಬಿದ್ದ ಬೆಳಿಗ್ಗೆ ಯಾರ ಮನೆಯ ದಾರಿ ಮೊದಲು ತೆರವಾಗುತ್ತದೆ ಎನ್ನುವುದು ಅವನ ಕೈಯಲ್ಲಿತ್ತು. ಹಾಗಾಗಿ ಅವನ ಮಾತಿಗೆ ಯಾರೂ ಅಷ್ಟಾಗಿ ಎದುರಾಡುತ್ತಿರಲಿಲ್ಲ. ಆ ಸಭೆಗೆ ಮುಂಚಿನ ಅಕ್ಟೋಬರಿನಲ್ಲಿ, ಅಭ್ಯರ್ಥಿಗಳಲ್ಲಿ ಒಬ್ಬರಾದ ಗವರ್ನರ್ ಥಾರ್ನ್‌ಲಿ ಟೌನ್‌ಶಿಪ್ಪಿನ ಶೆಡ್ಡಿಗೆ ಬಂದರು. ಕೋಟು ತೆಗೆದು ಗ್ರೇಡರಿನ ಮೆಟ್ಟಿಲು ಹತ್ತಿದರು. ಈ ಅಲಗು ಯಾವ ಕೋನದಲ್ಲಿ ಇಟ್ಟರೆ ಹಿಮ ಚೆನ್ನಾಗಿ ಸರಿಯುತ್ತದೆ ಎಂದು ಹಾರ್ಲನ್‌ನನ್ನು ಕೇಳಿದರು. ಅವತ್ತೇ ಹಾರ್ಲನ್ ಗವರ್ನರ್ ಕಡೆಯವನಾದ. ತಿಂಗಳೊಳಗೆ ಲಿಂಡನ್ ಗ್ರೋವಿನಲ್ಲಿ ಗವರ್ನರ್ ಗುಂಪಿನ ಮುಂದಾಳೂ ಆದ.

ಗವರ್ನರ್ ಪ್ರಚಾರ ಕಚೇರಿಯ ಒಬ್ಬ ಹೆಂಗಸು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಎಷ್ಟು ಜನ ಖಚಿತ ಎಂದು ಕೇಳುತ್ತಿದ್ದಳು.

"ಮೈಂಟ್ಸ್ ಮನೆ, ಎರಡು. ಬರ್ಕೊಳ್ಳಿ," ಎನ್ನುತ್ತಿದ್ದ ಹಾರ್ಲನ್.

ಆರ್ಡಿಸ್ ಸಿಂಕಿನ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆ ಊರಿನಲ್ಲಿ ಲೆಕ್ಕ ಹಾಕುತ್ತಿದ್ದದ್ದೇ ಹಾಗೆ. ಗಂಡ ಮಾತು ಕೊಟ್ಟರೆ ಮನೆ ಮಾತು ಕೊಟ್ಟ ಹಾಗೆ. ಹಿಂದಿನ ಸಭೆಗಳಲ್ಲೆಲ್ಲ ಅವಳು ಅವನ ಕೋಟು ಹಿಡಿದುಕೊಂಡು ಅವನ ಪಕ್ಕದಲ್ಲೇ ನಿಂತಿದ್ದಳು. ನಿನಗೆ ಯಾರು ಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಆದರೆ ಅವಳು ಎಲ್ಲರನ್ನೂ ನೋಡಿದ್ದಳು. ಅಭ್ಯರ್ಥಿಗಳು ಬಂದಲ್ಲೆಲ್ಲ ಯಾರಾದರೂ ತಿಂಡಿ ಮಾಡಬೇಕಲ್ಲ. ಗವರ್ನರಿಗೆ ಅವಳೇ ಹ್ಯಾಮ್ ಸ್ಯಾಂಡ್‌ವಿಚ್ ಕೊಟ್ಟಿದ್ದಳು. ಇನ್ನೊಬ್ಬ ಅಭ್ಯರ್ಥಿ, ಕಾಂಗ್ರೆಸ್ ಎಂಬ ಸಂಸತ್ತಿನ ಸದಸ್ಯ ಡುವಾಲ್, ಅವಳ ಎರಡು ತುಂಡು ಪೈ ತಿಂದು ಕಾರ್ಖಾನೆಗಳ ಬಗ್ಗೆ ಚೆನ್ನಾಗಿಯೇ ಮಾತಾಡಿದ್ದರು. ಡಿಸೆಂಬರಿನಲ್ಲಿ ಚರ್ಚಿನ ನೆಲಮಾಳಿಗೆಗೆ ಸೆನೆಟರ್ ಹ್ಯಾಲೊರನ್ ಬಂದಾಗ ಹತ್ತು ಹನ್ನೆರಡು ಜನ ಇದ್ದರೇನೋ. ಕುಳ್ಳ ಮನುಷ್ಯ, ದನಿ ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಆರ್ಡಿಸ್ ತನ್ನ ಹಿರಿಯರ ಪದ್ಧತಿಯಂತೆ ಕಲ್ಲುಸಕ್ಕರೆಯ ಮೇಲೆ ಚಹಾ ಸುರಿದು, ಕೆನೆ ಬಿಟ್ಟು ಅವರಿಗೆ ಕೊಟ್ಟಳು. ವೃದ್ಧರ ಆಸ್ಪತ್ರೆಯಲ್ಲಿರುವ ತನ್ನ ತಾಯಿಯ ವಿಷಯ ಕೇಳಿದಳು. ಆ ಖರ್ಚಿಗೆ ಸರ್ಕಾರ ಕೈಹಾಕುವ ಮುಂಚೆ ಮನೆ ಮಾರಿಬಿಡಲೇಬೇಕಾ?

"ಗೊತ್ತಿಲ್ಲಮ್ಮ, ತಿಳ್ಕೊಂಡು ಹೇಳ್ತೀನಿ," ಎಂದಿದ್ದರು ಸೆನೆಟರು.

ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಆದರೆ ಜನವರಿಯಲ್ಲಿ ಪಕ್ಕದ ಊರಿನ ಸಭೆಯಲ್ಲಿ ಅವಳನ್ನು ಕಂಡ ಕೂಡಲೇ ಅವರು ಜನರ ನಡುವೆ ದಾರಿ ಮಾಡಿಕೊಂಡು ಬಂದು ಉತ್ತರ ಹೇಳಿದರು. ಅವಳಿಗೆ ಹಿಡಿಸುವ ಉತ್ತರ ಅದಾಗಿರಲಿಲ್ಲ. ಅವರು ಸಿಹಿ ಹಚ್ಚಲೂ ಹೋಗಲಿಲ್ಲ.

ಅವತ್ತಿನಿಂದ ಆರ್ಡಿಸ್ ಒಳಗೊಳಗೇ ತೂಗತೊಡಗಿದಳು. ಗವರ್ನರ್ ಒಂದು ರಾಜ್ಯ ನಡೆಸಿದವರು, ನೋಡಲು ಅಧ್ಯಕ್ಷರಂತೆಯೇ ಇದ್ದಾರೆ. ಸೆನೆಟರು ನವೆಂಬರಿನ ಚುನಾವಣೆಯಲ್ಲಿ ಗೆಲ್ಲುವುದು ಅನುಮಾನ. ವಿರೋಧ ಬಂದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ, ಅದೂ ಅವಳ ಕಣ್ಣಿಗೆ ಬಿದ್ದಿತ್ತು. ಆದರೂ ತಕ್ಕಡಿ ಒಂದೇ ಕಡೆ ವಾಲುತ್ತಿತ್ತು.

ಸಭೆಯ ಸಂಜೆ, ಟ್ರಕ್ಕಿನಲ್ಲಿ ಕೂತ ಮೇಲೆ ಅವಳು ಹೇಳಿಯೇಬಿಟ್ಟಳು. "ಹಾರ್ಲನ್, ಇವತ್ತು ನನ್ನ ಎಣಿಸ್ಬೇಡ."

ಹಾರ್ಲನ್ ನಕ್ಕ. "ನಿನ್ನ ಎಣಿಸ್ದೆ ಇನ್ಯಾರ್ನ ಎಣಿಸ್ಲಿ? ಬಾಗ್ಲು ಸರಿಯಾಗಿ ಹಾಕ್ಕೊ, ಗಾಳಿ ಬರ್ತಿದೆ."

ಕೋಣೆಯಲ್ಲಿ ನಲವತ್ತೈದು ಜನ ಸೇರಿದ್ದರು. ಸಭೆ ನಡೆಸುತ್ತಿದ್ದವಳು ಅಂಚೆ ಕಚೇರಿಯ ಲೀಟಾ ಹೈಕೆಸ್. ಅವಳು ಕುರ್ಚಿಯ ಮೇಲೆ ನಿಂತು ನಿಯಮ ಓದಿದಳು. ನೂರಕ್ಕೆ ಹದಿನೈದರಷ್ಟು ಜನ ಇಲ್ಲದ ಗುಂಪು ಉಳಿಯುವುದಿಲ್ಲ, ಅಂದರೆ ಇವತ್ತು ಏಳು ಮಂದಿ ಬೇಕು. "ಸರಿ, ಹೊರಡಿ. ತಳ್ಬೇಡಿ, ಸ್ಕೂಲ್ ಮಕ್ಳ ಥರ ಆಡ್ಬೇಡಿ," ಎಂದಳು.

ಹಾರ್ಲನ್ ಕಿಟಕಿಯ ಹತ್ತಿರ ಗವರ್ನರ್ ಹೆಸರಿನ ಕೆಳಗೆ ನಿಂತ. ಆರ್ಡಿಸ್ ಅವನ ಕೋಟನ್ನು ಅವನ ಕೈಗೆ ಕೊಟ್ಟಳು. ಕೋಣೆಯನ್ನು ಅಡ್ಡ ಹಾಯ್ದು ಹಾಲಿನ ಪೆಟ್ಟಿಗೆಯ ಪಕ್ಕ, ಸೆನೆಟರ್ ಗುಂಪಿನಲ್ಲಿ ಹೋಗಿ ನಿಂತಳು.

ಮೊದಲು ಬಾಯಿ ಬಿಟ್ಟವನು ಡುವಾಲ್ ಗುಂಪಿನಲ್ಲಿದ್ದ ಡ್ವೇನ್ ಓಕನ್, ಹಾರ್ಲನ್‌ನ ಜೊತೆ ಕೆಲಸಗಾರ. "ಏ ಹಾರ್ಲನ್, ನಿನ್ನ ಹೆಂಡ್ತಿ ದಾರಿ ತಪ್ಪಿದ್ಲು ನೋಡೋ! ಗ್ರೇಡರ್ ತಂದು ತಿರುಗಿಸ್ಕೊ!"

"ನೀರು ಕುಡಿಯಕ್ಕೆ ಹೋಗಿರ್ತಾಳೆ, ಬರ್ತಾಳೆ," ಎಂದ ಹಾರ್ಲನ್.

ಅವಳು ಬರಲಿಲ್ಲ. ಲೀಟಾ ಎಣಿಸಿದಳು. ಡುವಾಲ್ ಗುಂಪು ಎಲ್ಲರಿಗಿಂತ ದೊಡ್ಡದು, ಸೆನೆಟರ್ ಗುಂಪಿಗೆ ಸಾಕಷ್ಟು ಜನ, ಗವರ್ನರಿಗೆ ಆರು. ಹಾರ್ಲನ್ ತನ್ನ ಮೂಲೆಯನ್ನು ತಾನೇ ಮತ್ತೆ ಎಣಿಸಿದ. ಏಳೆಂದು ಅವನು ತಿಂಗಳಿಂದ ಫೋನಿನಲ್ಲಿ ಹೇಳುತ್ತಿದ್ದ.

"ಅರ್ಧ ಗಂಟೆ ಟೈಮು," ಎಂದಳು ಲೀಟಾ. "ಯಾರಾದ್ರೂ ಮನಸ್ಸು ಬದಲಾಯಿಸೋದಿದ್ರೆ ಈಗ್ಲೇ. ಒಬ್ರು ಸಿಕ್ಕಿದ್ರೆ ಗವರ್ನರ್ ಉಳ್ಕೋತಾರೆ."

ಹಾರ್ಲನ್ ಮೊದಲು ಡುವಾಲ್ ಕಡೆಗೆ ಹೋದ. ಡ್ವೇನನ ತೋಳು ಹಿಡಿದು ಏನೇನೋ ಹೇಳಿದ. ಡ್ವೇನ್ ತಲೆಯಾಡಿಸುತ್ತಾ ಹಾಲಿನ ಪೆಟ್ಟಿಗೆಯ ಕಡೆ ಕೈ ತೋರಿಸಿದ. ಕೋಣೆಯಲ್ಲಿ ಮಾತು ತಗ್ಗಿತು. ಕೊನೆಗೆ ಹಾರ್ಲನ್ ಅಷ್ಟು ಜನರ ಕಣ್ಣೆದುರು ನಡೆದು ಹೆಂಡತಿಯ ಮುಂದೆ ಬಂದು ನಿಂತ.

"ಬಾ ಆರ್ಡಿಸ್. ಒಬ್ರು ಕಮ್ಮಿ."

"ಕಂಡೆ."

"ಮತ್ತೆ?"

"ಮತ್ತೆ ಅಂದ್ರೆ? ಡ್ವೇನ್‌ಗೆ ಅಷ್ಟೊತ್ತು ಹೇಳ್ದೆ. ನಂಗೂ ಹೇಳು."

"ನಿಂಗೇನೇ ಹೇಳೋದು? ಮನೇಲಿ ಹೇಳಿದ್ದೀನಲ್ಲ!"

"ಮನೇಲಿ ನೀನು ಹೇಳಿದ್ದು ಫೋನಿಗೆ."

ಯಾರೋ ಮುಸಿಮುಸಿ ನಕ್ಕರು. ಹಾರ್ಲನ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. ಮದುವೆಯಾದಾಗಿನಿಂದ ಅವಳಿಗೆ ಯಾವುದಕ್ಕೂ ಕಾರಣ ಹೇಳಿ ಅವನಿಗೆ ರೂಢಿಯಿರಲಿಲ್ಲ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವನಂತೆ ಗಂಟಲು ಸರಿಮಾಡಿಕೊಂಡ.

"ನೋಡು. ಗವರ್ನರು ಒಂದು ರಾಜ್ಯ ನಡ್ಸಿದ್ದಾರೆ. ನಿನ್ನ ಸೆನೆಟರು ಏನು ನಡ್ಸಿದ್ದಾರೆ? ಬರೀ ಬಾಯಿ."

"ಅದನ್ನೂ ಸರಿಯಾಗಿ ನಡ್ಸಲ್ಲ. ಒಪ್ತೀನಿ."

"ನವೆಂಬರಲ್ಲಿ ಗೆಲ್ಲೋ ಕುದುರೆ ಯಾವ್ದು?"

"ನಿಮ್ಮ ಗವರ್ನರೇ ಇರ್ಬಹುದು."

"ಮತ್ತೇನೇ ನಿನ್ ತಕರಾರು!"

"ನಾನು ಅವ್ರನ್ನ ಮೂರು ಸಲ ನೋಡ್ದೆ ಹಾರ್ಲನ್. ಮೂರೂ ಸಲ, ಪ್ರಶ್ನೆ ಮುಗಿಯೋ ಮುಂಚೇನೇ ಉತ್ರ."

"ನನ್ನ ಗ್ರೇಡರ್ ಬಗ್ಗೆ ಅವ್ರೇ ಬಾಯ್ಬಿಟ್ಟು ಕೇಳಿದ್ರು!"

"ಕೇಳಿದ್ರು. ನೀನು ಏನಂದೆ ಅನ್ನೋದನ್ನ ಕೇಳಿಸ್ಕೊಂಡ್ರಾ?"

ಹಾರ್ಲನ್ ಕೈಯಲ್ಲಿದ್ದ ಟೋಪಿ ನೋಡಿಕೊಂಡ. ಸುಳ್ಳು ಹೇಳುವ ಮನುಷ್ಯ ಅವನಲ್ಲ. "ಫೋಟೋದವ್ನು ಕರ್ದುಬಿಟ್ಟ," ಎಂದ ಸಣ್ಣಗೆ. "ಇಳ್ಕೊಂಡು ಹೋದ್ರು."

ಈ ಸಲ ಯಾರೂ ನಗಲಿಲ್ಲ. ಆದರೆ ಅವನು ಬಿಡಲಿಲ್ಲ. "ಸರಿ, ನಿನ್ನವ್ರ ವಿಷ್ಯಕ್ಕೆ ಬಾ. ಹಾಲಿನ ಬೆಲೆ ಮಸೂದೆಗೆ ಅವ್ರು ಬೇಡ ಅಂದ್ರು, ಗೊತ್ತಾ? ನಿನ್ ತಮ್ಮನ ಕೊಟ್ಟಿಗೆ ಖಾಲಿ ಆಗಿದ್ದು ಅದೇ ವರ್ಷ."

ಆರ್ಡಿಸ್‌ಗೆ ಅದು ಗೊತ್ತಿರಲಿಲ್ಲ. ಅವಳು ಗೋಡೆಗೆ ಒರಗಿ ನಿಜವಾಗಿಯೂ ಯೋಚಿಸಿದಳು. ಹಾರ್ಲನ್ ಅವಳ ಮುಖವನ್ನೇ ನೋಡುತ್ತಾ ಕಾದ. ಅವಳು ಏನು ಹೇಳುತ್ತಾಳೋ ಎಂದು ಅವನು ಹಾಗೆ ಕಾದದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ.

"ಅದು ದೊಡ್ಡ ತಪ್ಪೇ," ಎಂದಳು ಅವಳು ಕೊನೆಗೆ. "ಸಿಕ್ಕಿದ್ರೆ ಕೇಳ್ತೀನಿ. ಯಾಕೆ ಅಂತ ಅವ್ರು ಹೇಳ್ತಾರೆ. ಅದಕ್ಕೇ ಇಲ್ಲಿ ನಿಂತಿರೋದು. ನಾನು ಇಲ್ಲೇ ಇರ್ತೀನಿ."

ಲೀಟಾ ಚಮಚದಿಂದ ತಟ್ಟೆ ಬಡಿದಳು. ಹೊತ್ತು ಮುಗಿದಿತ್ತು. ಗವರ್ನರ್ ಹೆಸರಿನ ಹಾಳೆಯನ್ನು ಗೋಡೆಯಿಂದ ಕಿತ್ತರು. ಅವರ ಆರು ಜನ ಬೇರೆ ಕಡೆ ಸೇರಬೇಕು, ಇಲ್ಲ ಮನೆಗೆ ಹೋಗಬೇಕು. ಸೆನೆಟರ್ ಕಡೆಯವರು ಸರಿದು ಆರ್ಡಿಸ್ ಪಕ್ಕದಲ್ಲಿ ಜಾಗ ಮಾಡಿದರು. "ಬಾರಯ್ಯ ಹಾರ್ಲನ್, ಹೆಂಡ್ತಿ ಪಕ್ಕ ನಿಂತ್ರೆ ಬೆಚ್ಚಗಿರುತ್ತೆ," ಎಂದರು ಒಬ್ಬರು.

ಹಾರ್ಲನ್ ಆ ಖಾಲಿ ಜಾಗ ನೋಡಿದ, ಆಮೇಲೆ ಆರ್ಡಿಸ್‌ಳನ್ನು ನೋಡಿದ.

"ಇಲ್ಲ ಕಣೇ," ಎಂದ ಇಡೀ ಕೋಣೆಗೆ ಕೇಳುವಂತೆ. "ನಿನ್ನ ಮಾತು ಸರಿ ಇರ್ಬಹುದು. ಆದ್ರೆ ಆ ಮನುಷ್ಯ ನಂಗೆ ಇಷ್ಟ ಇಲ್ಲ!" ಹಾಗೆಂದು ಹೋಗಿ ಡುವಾಲ್ ಗುಂಪಿನಲ್ಲಿ, ಡ್ವೇನನ ಪಕ್ಕ ನಿಂತ.

ಆರ್ಡಿಸ್ ಗಟ್ಟಿಯಾಗಿ ನಕ್ಕಳು. ಅವಳ ಅಭಿಪ್ರಾಯವನ್ನು ಒಬ್ಬರು ಕೇಳಿ, ತೂಗಿ, ಬೇಡವೆಂದದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಅವಳಿಗದು ಬಹುಮಾನ ಸಿಕ್ಕಷ್ಟು ಹಿತವಾಗಿತ್ತು ಎಂದು ಲೀಟಾ ಈಗಲೂ ಹೇಳುತ್ತಾಳೆ.

ಇಬ್ಬರೂ ಟ್ರಕ್ಕಿನಲ್ಲಿ ಮನೆಗೆ ಹೊರಟರು. ಹಿಮ ತೆಗೆದ ರಸ್ತೆಯ ಎರಡೂ ಬದಿ ಹಾರ್ಲನ್ ತಾನೇ ಒಟ್ಟಿದ್ದ ಬಿಳಿ ಗೋಡೆ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಎಲಿವೇಟರ್ ಎನ್ನುವ ಎತ್ತರದ ಧಾನ್ಯದ ಕಣಜ ದಾಟಿದ ಮೇಲೆ ಅವನು ಹೇಳಿದ, "ಹಾಲಿನ ವಿಷ್ಯ ಹೇಳ್ದಾಗ ನೀನು ಬರ್ತೀಯ ಅಂದ್ಕೊಂಡೆ."

"ನಾನೂ ಅಂದ್ಕೊಂಡೆ, ಒಂದು ಕ್ಷಣ."

ಅಂಗಳಕ್ಕೆ ಬಂದರೂ ಹಾರ್ಲನ್ ಇಂಜಿನ್ ಆರಿಸಲಿಲ್ಲ. ಹೀಟರಿನ ಗುಂಡಿ ಸ್ವಲ್ಪ ತಿರುಗಿಸಿದ.

"ಆ ಡುವಾಲ್... ನಿಂಗೆ ಏನನ್ಸುತ್ತೆ?" ಎಂದ. "ನಾನು ಅವ್ರ ಬಗ್ಗೆ ಜಾಸ್ತಿ ಯೋಚ್ನೆ ಮಾಡೇ ಇರ್ಲಿಲ್ಲ, ಹೋಗಿ ನಿಂತ್ಬಿಟ್ಟೆ."

ಆರ್ಡಿಸ್ ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ಒಳ್ಳೇದು ಮೊದ್ಲು ಹೇಳ್ಲಾ, ಕೆಟ್ಟದ್ದಾ?" ಎಂದು ಕೇಳಿ, ಹೇಳತೊಡಗಿದಳು.