ಮಧ್ಯಾಹ್ನಕ್ಕೆ ಬಿದ್ದ ಸಂಜೆಯ ಧೂಳು

ಶಿಕಾರಿಪುರದ ನಮ್ಮ ಮನೆಯ ಹಿಂದೆ ಮೆಕ್ಕೆಜೋಳದ ಗೋದಾಮು ಬಂದ ಮೇಲೆ ನನ್ನ ಉಸಿರು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಹಗಲೆಲ್ಲ ಲೋಡು ಇಳಿಯುತ್ತದೆ. ಸಂಜೆ ಐದೂವರೆಗೆ ಜೋಳ ಸ್ವಚ್ಛ ಮಾಡುವ ಯಂತ್ರ ಶುರುವಾಗುತ್ತದೆ. ಅದರ ಧೂಳು ಕಾಂಪೌಂಡು ದಾಟಿ ಬಂದು ನನ್ನ ಎದೆಯೊಳಗೆ ಕೂರುತ್ತದೆ. ಸೊರಬದ ತಂಗಿಯ ಮನೆಗೆ ಹೋದಾಗ ಸಂಜೆ ಮಹಡಿ ಹತ್ತಿ ಇಳಿದಿದ್ದೆ. ಇಲ್ಲಿ ಅಡುಗೆಮನೆಯಿಂದ ಜಗಲಿಗೆ ಬರಲು ಗೋಡೆ ಹಿಡಿಯಬೇಕು. ಆ ಯಂತ್ರವನ್ನು ಊರಾಚೆ ಒಯ್ಯಲಿ ಎಂಬುದೊಂದೇ ನನ್ನ ಬೇಡಿಕೆಯಾಗಿತ್ತು.

ನಮ್ಮ ಯಜಮಾನರಿಗೆ ಬಾಯಿಮಾತು ಸಾಲದು, ಪುರಾವೆ ಬೇಕು. ಗಾಳಿ ಅಳೆಯುವ ಪೆಟ್ಟಿಗೆ ತಂದು ಹಿತ್ತಿಲ ಗೋಡೆಗೆ ಹೊಡೆದರು. ಅದು ಗಂಟೆಗೊಂದು ಸರಾಸರಿ ಕಟ್ಟಿ, ಹೊತ್ತು ನಮೂದಿಸಿ, ಮರುದಿನ ಬೆಳಿಗ್ಗೆ ಮೊಬೈಲಿಗೆ ಕಳಿಸುತ್ತಿತ್ತು. ತಿಂಗಳಿನದನ್ನು ಪ್ರಿಂಟು ಹಾಕಿಸಿ, ಅರ್ಜಿ ಬರೆದು ಇಬ್ಬರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಹೋದೆವು.

ಸಾಹೇಬರು ಮೊದಲು ಇಡೀ ದಿನದ ಸರಾಸರಿ ನೋಡಿದರು. "ಎಲ್ಲಾ ಹಸಿರೇ ಐತಲ್ರೀ ಅಮ್ಮಾರೆ. ರಾತ್ರಿ ಗಾಳಿ ಎಷ್ಟು ಚೊಲೋ ಐತಿ ನೋಡ್ರಿ."

"ರಾತ್ರಿ ಗಾಳೀನ ಸಂಜೆಗೆ ಎತ್ತಿಟ್ಕೊಂಡು ಉಸಿರಾಡ್ಲೇನ್ರೀ?" ಎಂದೆ. ಯಜಮಾನರು ಸುಮ್ಮನಿರು ಎಂದು ಮೊಣಕೈಯಿಂದ ತಿವಿದರು.

ಆಮೇಲೆ ಗಂಟೆಗಂಟೆಯ ಗೆರೆ ನೋಡಿದರು. ದಿನಾ ಒಂದು ಕಡೆ ಅದು ಗುಡ್ಡದ ಹಾಗೆ ಎದ್ದಿತ್ತು. ಆದರೆ ಸಂಜೆಗಲ್ಲ, ಮಧ್ಯಾಹ್ನ ಹನ್ನೆರಡಕ್ಕೆ. ಆ ಹೊತ್ತಿಗೆ ಗೋದಾಮಿನ ಯಂತ್ರ ತಣ್ಣಗೆ ನಿಂತಿರುತ್ತದೆ.

"ಹನ್ನೆರಡಕ್ಕೆ ನಿಮ್ಮನ್ಯಾಗೆ ಏನ್ ಮಾಡ್ತೀರಿ?"

"ಒಗ್ಗರಣೆ" ಎಂದರು ನಮ್ಮ ಸತ್ಯಹರಿಶ್ಚಂದ್ರರು. ಕೋಣೆಯೆಲ್ಲ ನಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಒಂದು ವಾರ ಒಗ್ಗರಣೆಯಿಲ್ಲದ ಸಾರು ಉಂಡೆವು. ಆದರೂ ಗುಡ್ಡ ಹನ್ನೆರಡಕ್ಕೇ ಏಳುತ್ತಿತ್ತು. ನಾನು ಸಂಜೆ ಕೆಮ್ಮಿ ಕೆಮ್ಮಿ ಸುಸ್ತಾದರೆ ಅವರು ಬೆಳಿಗ್ಗೆ ಮೊಬೈಲು ತೋರಿಸಿ, "ನಿನ್ನೆ ಸಂಜೆ ಗಾಳಿ ಚೆನ್ನಾಗೇ ಇತ್ತಲ್ಲೇ. ಕಣ್ಣಿಗೆ ಕಾಣೋವಷ್ಟು ದಪ್ಪ ಇರೋ ಜೋಳದ ಹೊಟ್ಟು ಎದೆಗೆ ಇಳಿಯಲ್ಲ, ನಿಂದು ಹೆದರಿಕೆ ಅಷ್ಟೇ" ಎನ್ನುತ್ತಿದ್ದರು. ಇಷ್ಟು ವರ್ಷ ಜೊತೆಗೆ ಬಾಳಿದವರು ನನ್ನ ಕೆಮ್ಮು ಬಿಟ್ಟು ಗೋಡೆಯ ಪೆಟ್ಟಿಗೆಯನ್ನು ನಂಬಿದರು. ಅಷ್ಟು ಒಂಟಿಯೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಕೊನೆಗೆ ಪೆಟ್ಟಿಗೆ ಮಾರಿದ ಅಂಗಡಿಯವರೇ ಬಂದು ನೋಡಿದರು. "ಇದರ ಟೈಮ್ ಸೆಟ್ ಮಾಡೇ ಇಲ್ರಿ ಸರ್ ನೀವು. ಲಂಡನ್ ಟೈಮಿನಾಗೆ ಓಡ್ತೈತಿ. ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ಇದರ ಹನ್ನೆರಡು ಅಂದ್ರೆ ನಮಗೆ ಸಂಜಿ ಐದೂವರೆ."

ಯಜಮಾನರು ಕುಣಿಯುವುದೊಂದು ಬಾಕಿ. ಮಧ್ಯಾಹ್ನದ ಗುಡ್ಡಗಳನ್ನೆಲ್ಲ ಸಂಜೆಗೆ ಸರಿಸಿ ಬರೆದು, ಕಾಗದ ಹಿಡಿದು ಕಚೇರಿಗೆ ಓಡಿದರು. ಬಾಡಿದ ಮುಖ ಹೊತ್ತು ಬಂದರು. ಸಾಹೇಬರು ಕಾಗದ ಮುಟ್ಟಲೂ ಇಲ್ಲವಂತೆ. "ಹೊತ್ತೇ ಗೊತ್ತಿಲ್ಲದ ಪೆಟ್ಟಿಗಿ ಧೂಳಿನ ಲೆಕ್ಕ ಸರಿ ಹೇಳತೈತೇನ್ರಿ?" ಎಂದು ಅರ್ಜಿ ಮುಗಿಸಿಬಿಟ್ಟರಂತೆ.

ಪೆಟ್ಟಿಗೆ ಇನ್ನೂ ಗೋಡೆಯಲ್ಲಿದೆ. ಈಗ ಸರಿಯಾದ ಹೊತ್ತು ತೋರಿಸುತ್ತದೆ, ಕೇಳುವವರಿಲ್ಲ. ಸಂಜೆಯಾಗುತ್ತಲೇ ಯಜಮಾನರು ಮೊಬೈಲು ನೋಡದೆ ಎದ್ದು ಕಿಟಕಿ ಹಾಕುತ್ತಾರೆ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಾರೆ, ಬಂದು ಪಕ್ಕದಲ್ಲಿ ಕೂರುತ್ತಾರೆ. "ಹೇಳೇ, ಹೆಂಗಾಗ್ತಿದೆ?" ಎನ್ನುತ್ತಾರೆ. ಈಗ ನಾನು ಏನು ಹೇಳಿದರೂ ನಂಬುತ್ತಾರೆ. ಹೇಳಲು ಉಸಿರು ಸಾಲುವುದಿಲ್ಲ.