ಉಡಿಗೆ ಬಿದ್ದ ಬಿಳಿ ಬಟ್ಟೆ

ರೊಟ್ಟಿ ತಟ್ಟಿ ತಟ್ಟಿ ಅವರ ಬಲ ಅಂಗೈ ಚಪ್ಪಟೆಯಾಗಿತ್ತು, ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ಗೋಕಾಕದಲ್ಲಿ ನಮ್ಮ ಬಾಜೂ ಮನೆಯ ಕಾಕು ಅವರು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಮಾಡಿಸಿ ಮೂಡಲಗಿಯ ಖಾನಾವಳಿಗಳಿಗೆ ಕಳಿಸುತ್ತಿದ್ದರು. ದನಿಯೋ, ಆಚೆ ಓಣಿಗೂ ಕೇಳಬೇಕು!

ನನ್ನ ಮಗಳಿಗೆ ಎರಡು ತುಂಬಿದಾಗ ಹುಕ್ಕೇರಿಯಲ್ಲಿ ನನಗೆ ನರ್ಸಿಂಗ್ ಸೀಟು ಸಿಕ್ಕಿತು. ಮಾವನವರು ಒಪ್ಪಲಿಲ್ಲ. ಟಿವಿ ನೋಡಿ ನೋಡಿ ಅವರಿಗೆ ದೇಶದ ಚಿಂತೆ ಹತ್ತಿತ್ತು.

“ದೇಶ ಮುಂದ ಬರಬೇಕಂದ್ರ ಮಂದಿ ಹೆಚ್ಚಾಗಬೇಕು. ಎಲ್ಲಾರೂ ಒಂದಕ್ಕ ನಿಲ್ಲಿಸಿದ್ರ ನಾಳೆ ದುಡಿಯಾವ್ರು ಯಾರು? ಮೊದಲ ಎರಡನೇದು ಆಗ್ಲಿ, ಆಮ್ಯಾಲ ನರ್ಸು ಗಿರ್ಸು.”

ರೊಟ್ಟಿ ಕೊಡಲು ಬಂದಿದ್ದ ಕಾಕು ಅಲ್ಲೇ ನಿಂತರು. “ಅಣ್ಣಾರ, ತಿನ್ನಾವ್ರು ಬೇಕು, ಖರೆ. ಆದ್ರ ಬರೇ ಬಾಯಿ ಹೆಚ್ಚಾದ್ರ ನನ್ನ ರೊಟ್ಟಿ ಮಾರಿ ಹೋಗಂಗಿಲ್ರಿ. ಅವ್ರ ಕೈಗೆ ಪಗಾರ ಬಂದ್ರ ಹೋಗ್ತಾವ. ಇದ್ದಾಕಿನ್ನ ಒಲಿ ಮುಂದ ಕೂಡಿಸಿ ಇನ್ನೂ ಹುಟ್ಟದಾಂವನ್ನ ನಂಬಿ ಕುಂತೀರಲ್ಲ!”

ಮಾವ ಟಿವಿ ದನಿ ಏರಿಸಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಶ್ರಾವಣ ಶುಕ್ರವಾರ ಓಣಿಯ ಮುತ್ತೈದೆಯರು ನಮ್ಮ ಮನೆಗೆ ಬಂದರು. ಒಬ್ಬೊಬ್ಬರೂ ನನಗೆ ಉಡಿ ತುಂಬಿ, ಗಂಡು ಮಗುವಾಗಲಿ ಎಂದು ಹರಸಿದರು. ಕಾಕುವಿನ ಸರದಿ ಬಂತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿದ ಮೇಲೆ ಕುಬಸದ ಖಣದ ಬದಲು ಅಚ್ಚ ಬಿಳಿ ಬಟ್ಟೆ ಇಟ್ಟರು!

ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. “ಯವ್ವಾ! ಮುತ್ತೈದಿ ಉಡಿಗೆ ಬಿಳೇದ ಹಾಕ್ತಾರೇನ?”

“ಮೂಲಿಗೆ ಅರಿಶಿಣ ಹಚ್ಚೀನಿ, ನೋಡ್ರಿ ವೈನಿ. ನರ್ಸಿನ ಅರಿವಿ ಇದು. ಈಕಿ ಕಲೀಲಿ, ಈಕಿ ಮಗಳೂ ಕಲೀಲಿ.”

ಉಡಿಗೆ ಬಿದ್ದದ್ದನ್ನು ತೆಗೆಯುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಅತ್ತೆ ರಾತ್ರಿಯೆಲ್ಲ ಗೊಣಗಿದರು. ಬೆಳಿಗ್ಗೆ ತಾವೇ, “ಹೊಲಿಸಾಕ ಹಾಕ ಇನ್ನ” ಎಂದರು. ಮಾವನವರಿಗೂ ಅವರೇ ಹೇಳಿದರು. ನಾನು ಹುಕ್ಕೇರಿಗೆ ಹೋದೆ.

ಹೋದ ವರ್ಷ ಕಾಕು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಲಗಿದರು. ನಾಡಿ ಹಿಡಿದರೆ ಕೈಯಲ್ಲಿ ಕಸುವಿಲ್ಲ, ಬಾಯಲ್ಲಿ ಮಾತ್ರ ಹಳೆಯ ಜೋರು. ನನ್ನ ಬಿಳಿ ಸಮವಸ್ತ್ರದ ತೋಳನ್ನು ಸವರಿ ನಕ್ಕರು. “ದೇಶಕ್ಕ ಒಬ್ಬಾಕಿ ಹೆಚ್ಚಿಗಿ ಸಿಕ್ಕಳು ಅಂತ ಹೇಳವಾ ನಿಮ್ಮ ಮಾವಗ.”

ಮರುದಿನ ಅವರು ತೀರಿಹೋದರು. ಮನೆಗೆ ಬಂದು ಆ ಮಾತನ್ನು ಮಾವನವರಿಗೆ ಹೇಳುತ್ತ ಅತ್ತುಬಿಟ್ಟೆ. ಅವರು ಟಿವಿ ಆರಿಸಿದರು.

“ಖರೆ ಐತಿ,” ಎಂದರು. “ಆದ್ರ ಇವತ್ತ ಒಬ್ಬಾಕಿ ಕಡಿಮಿ ಆದಳಲ್ಲವಾ.”